ದೋಣಿಯಲ್ಲಿ ಜಾಗ

"ಗುರುಗಳೇ, ನಾಳೆ ಆ ಮಂತ್ರವಾದಿಯ ಊರಿಗೆ ಹೊರಟಿದ್ದೇನೆ. ನನ್ನ ಸಿದ್ಧತೆಯಲ್ಲಿ ಏನಾದರೂ ಬಿಟ್ಟುಹೋಗಿದೆಯೇ?" ಎಂದು ಶಿಷ್ಯ ಕೇಳಿದ.

ಆ ಮಂತ್ರವಾದಿ ಎರಡು ವರ್ಷದಿಂದ ಹೊಳೆಯಾಚೆಯ ಊರಿನಲ್ಲಿ ಬೀಡುಬಿಟ್ಟಿದ್ದ. ಮಕ್ಕಳಿಗೆ ಜ್ವರ ಬಂದರೆ ತಾಯಂದಿರು ಅವನ ಬಾಗಿಲಿಗೆ ಹೋಗುತ್ತಿದ್ದರು. ಅವನು ತಾಯಿತ ಕಟ್ಟಿ ಕಳಿಸುತ್ತಿದ್ದ. ಶಿಷ್ಯ ಆರು ತಿಂಗಳು ಕೂತು ಅವನ ಒಂದೊಂದು ಕಣ್ಕಟ್ಟನ್ನೂ ಕಲಿತಿದ್ದ. ನಿಂಬೆಹಣ್ಣಿನಿಂದ ರಕ್ತ ಹೇಗೆ ಬರುತ್ತದೆ, ಬರಿಗೈಯಿಂದ ಬೂದಿ ಹೇಗೆ ಉದುರುತ್ತದೆ ಎಂಬುದೆಲ್ಲ ಅವನಿಗೆ ಗೊತ್ತಿತ್ತು. ಊರವರ ಎದುರಿನಲ್ಲೇ ಅವನ ಬಣ್ಣ ಬಯಲು ಮಾಡುವುದೆಂದು ತೀರ್ಮಾನಿಸಿದ್ದ. ಗುರುಗಳು ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡು ಒಂದು ಕತೆ ಹೇಳಿದರು.

ಕಡಲ ತೀರದ ರಾಜ್ಯವೊಂದರಲ್ಲಿ ಒಬ್ಬ ದಳಪತಿಯಿದ್ದ. ತೀರದಿಂದ ಒಂದು ಹರಿದಾರಿ ದೂರದ ನಡುಗಡ್ಡೆಯಲ್ಲಿ ಕಡಲ್ಗಳ್ಳರು ನೆಲೆಯೂರಿದ್ದರು. ಅವರ ಜೊತೆ ಕೈಜೋಡಿಸಿದ ಶಸ್ತ್ರಧಾರಿಗಳ ದೊಡ್ಡ ಗುಂಪೊಂದು ಅಳಿವೆಯ ಕಾಡಿನಲ್ಲಿ ಅಡಗಿತ್ತು. ಒಂದು ದಿನ ಕಳ್ಳರು ಬೆಸ್ತರ ಕೇರಿಗೆ ನುಗ್ಗಿ ನಲವತ್ತು ಜನರನ್ನು ಹಿಡಿದುಕೊಂಡು ಹೋದರು. ಕೇರಿಯವರು ಅರಸನ ಮುಂದೆ ಬಂದು ಅತ್ತರು. ಅರಸ ದಳಪತಿಯನ್ನು ಕರೆಸಿ ದಾಳಿಗೆ ಅಪ್ಪಣೆ ಕೊಟ್ಟ.

ಏನನ್ನೂ ಮರೆಯದವನು ಎಂದು ದಳಪತಿಗೆ ಹೆಸರಿತ್ತು. ಆ ಹೆಸರಿನ ಮೇಲೆ ಅವನಿಗೂ ತುಸು ಮೋಹವಿತ್ತು. ಮೂರು ತಿಂಗಳು ಅವನು ಬೇರೆ ಕೆಲಸ ಹಚ್ಚಿಕೊಳ್ಳಲಿಲ್ಲ. ತೀರದ ಮರಳಿನಲ್ಲಿ ನಡುಗಡ್ಡೆಯನ್ನೇ ಮಾಡಿಸಿ ಅದರ ಸುತ್ತ ನಡೆದಾಡಿದ. ನಡುಗಡ್ಡೆಗೆ ದೋಣಿ ಹೋಗಬಲ್ಲ ದಾರಿ ಬಂಡೆಗಳ ನಡುವಿನ ಒಂದು ಸಂದಿ ಮಾತ್ರ. ಉಬ್ಬರದ ಹೊತ್ತಿನಲ್ಲಿ ನಾಲ್ಕು ಗಳಿಗೆ ಅಲ್ಲಿ ನೀರಿರುತ್ತದೆ, ಆಮೇಲೆ ಸಂಜೆಯ ಉಬ್ಬರದವರೆಗೆ ಬರೀ ಕಲ್ಲು. ಆ ಸಂದಿಗೆ ಹತ್ತು ದೋಣಿಗಿಂತ ಹೆಚ್ಚು ಹಿಡಿಸದು, ದೋಣಿಗೆ ಇಪ್ಪತ್ತು ಜನಕ್ಕಿಂತ ಹೆಚ್ಚು ಹಿಡಿಸದು. ಕಳ್ಳರು ಹೊಗೆ ಎಬ್ಬಿಸಿದರೆ ಅಳಿವೆಯವರು, ನೀರಿಳಿದಾಗ ಅವರ ಕಾಡಿನ ಕಡೆಗೆ ಮಾತ್ರ ತೆರೆಯುವ ಬಂಡೆಸಾಲಿನ ಮೇಲೆ, ಮಧ್ಯಾಹ್ನದೊಳಗೆ ಬಂದು ಮುಟ್ಟುತ್ತಾರೆ. ಆದ್ದರಿಂದ ಬೆಳಗಿನ ಉಬ್ಬರದಲ್ಲಿ ಹೋಗಿ ಅದೇ ಉಬ್ಬರದಲ್ಲಿ ಹಿಂದಿರುಗಬೇಕು. ಇಷ್ಟನ್ನೂ ಅವನು ಗಟ್ಟಿ ಮಾಡಿಕೊಂಡ.

ಇನ್ನೂರು ಜಾಗಗಳಲ್ಲಿ ನೂರ ತೊಂಬತ್ತೊಂಬತ್ತಕ್ಕೆ ಜನ ನಿಗದಿಯಾದರು. ಒಂದು ಜಾಗವನ್ನು ಅವನು ಬೇಕೆಂದೇ ಖಾಲಿ ಬಿಟ್ಟ. ಅದು ಕಳ್ಳರ ನಾಯಕನಿಗೆ. ಅವನನ್ನು ಸಂಕೋಲೆ ಹಾಕಿ ತಂದು ಅರಸನ ಮುಂದೆ ನಿಲ್ಲಿಸಬೇಕೆಂಬುದು ದಳಪತಿಯ ಆಸೆ.

ದಿನವೂ ತೀರದಲ್ಲಿ ಅಭ್ಯಾಸ ನಡೆಯಿತು. ಸೊಂಟದ ಮಟ್ಟದ ನೀರಿಗೆ ಧುಮುಕುವುದು, ಗುರಾಣಿ ತಲೆಯ ಮೇಲೆ ಹಿಡಿದು ಓಡುವುದು, ಮತ್ತೆ ಹತ್ತುವುದು. ಮೀನು ಮಾರುವ ಒಬ್ಬ ಮುದುಕಿ ಬುಟ್ಟಿ ಪಕ್ಕಕ್ಕಿಟ್ಟು ದಿನವೂ ಅದನ್ನು ನೋಡುತ್ತಿದ್ದಳು. ದೋಣಿಯಲ್ಲಿದ್ದವರನ್ನು ಬೆರಳು ಮಡಚಿ ಎಣಿಸುತ್ತಿದ್ದಳು. ಒಂದು ದಿನ ದಳಪತಿ ಹತ್ತಿರ ಬಂದಾಗ ಎದ್ದು ನಿಂತಳು.

"ನನ್ನ ಮಗ ಎಲ್ಲಿ ಕೂರ್ತಾನೆ, ಒಡೆಯಾ?"

ಯಾರೋ ಸೈನಿಕನ ತಾಯಿ ಇರಬೇಕು ಎಂದುಕೊಂಡ ದಳಪತಿ. "ಎಲ್ಲ ಜಾಗವೂ ನಿಗದಿಯಾಗಿದೆ ತಾಯಿ, ನೀನು ಯೋಚನೆ ಮಾಡಬೇಡ" ಎಂದ. ದೊಡ್ಡವರು ಎಲ್ಲ ಯೋಚಿಸಿಯೇ ಇರುತ್ತಾರೆ ಎಂದು ನಂಬಿ ಮುದುಕಿ ಬುಟ್ಟಿ ಹೊತ್ತು ಹೋದಳು.

ದಾಳಿ ಅಂದುಕೊಂಡಂತೆಯೇ ನಡೆಯಿತು. ಬೆಳಕು ಹರಿಯುವಾಗ ದೋಣಿಗಳು ಸಂದಿಯಲ್ಲಿ ನುಗ್ಗಿದವು. ಎರಡು ಗಳಿಗೆಯಲ್ಲಿ ನಡುಗಡ್ಡೆ ಕೈವಶವಾಯಿತು. ನಾಯಕ ಸಿಕ್ಕಿಬಿದ್ದ. ಸೈನಿಕರಲ್ಲಿ ಒಬ್ಬನೂ ಸಾಯಲಿಲ್ಲ. ಕಳ್ಳನೊಬ್ಬ ಗುಡ್ಡದ ಮೇಲೆ ಹೊಗೆ ಎಬ್ಬಿಸಿದ್ದನ್ನು ಮಾತ್ರ ತಡೆಯಲಾಗಲಿಲ್ಲ, ಆದರೆ ಅದಕ್ಕೂ ದಳಪತಿಯ ಲೆಕ್ಕದಲ್ಲಿ ಉತ್ತರವಿತ್ತು. ಅವನಿಗೆ ಹೆಮ್ಮೆಯಾಯಿತು.

ಆಮೇಲೆ ಕಲ್ಲಿನ ದೊಡ್ಡಿಯ ಬಾಗಿಲು ಒಡೆದರು. ನಲವತ್ತು ಜನ ಹೊರಗೆ ಬಂದರು. ಅವರು ಸೈನಿಕರನ್ನು ನೋಡಲಿಲ್ಲ, ದೋಣಿಗಳನ್ನು ನೋಡಿದರು. ದೋಣಿಯಲ್ಲೇ ಬದುಕಿದವರು, ಒಂದು ನೋಟಕ್ಕೆ ಅವರಿಗೆ ಅರ್ಥವಾಯಿತು. ಒಬ್ಬೊಬ್ಬರಾಗಿ ಮರಳಿನ ಮೇಲೆ ಕೂತರು. ಅವರಲ್ಲೊಬ್ಬ ತರುಣ, ಒಂಚೂರೂ ಸಿಟ್ಟಿಲ್ಲದೆ, "ನೀವು ಹೊರಡಿ ಒಡೆಯಾ, ನೀರು ಇಳೀತಾ ಇದೆ" ಎಂದ.

ಮುದುಕಿ ಕೇಳಿದ್ದು ಏನೆಂದು ದಳಪತಿಗೆ ಆಗ ತಿಳಿಯಿತು. ಮೂರು ತಿಂಗಳಲ್ಲಿ ಅವನು ಕಳ್ಳರ ನಾಯಕನನ್ನು ನೆನೆಯದ ದಿನವಿರಲಿಲ್ಲ. ಈ ನಲವತ್ತು ಜನರನ್ನು ಒಂದು ದಿನವೂ ನೆನೆದಿರಲಿಲ್ಲ.

ಎಲ್ಲರೂ ಸಂಜೆಯವರೆಗೆ ಉಳಿಯೋಣವೆಂದರೆ ಬಿಡಿಸಿದ ನಲವತ್ತು ಜನವೂ ಅಳಿವೆಯವರ ಕತ್ತಿಗೆ ಎದುರಾಗಬೇಕಿತ್ತು. ಅವನು ಗುರಾಣಿ, ಹಗ್ಗ, ನೀರಿನ ಪೀಪಾಯಿ ಎಲ್ಲವನ್ನೂ ದೋಣಿಯಿಂದ ಇಳಿಸಿದ. ದೋಣಿಗೆ ಇಬ್ಬರಂತೆ ಇಪ್ಪತ್ತು ಜನಕ್ಕೆ ಎಡೆಯಾಯಿತು. ನಾಯಕನನ್ನು ಕಟ್ಟಿದಲ್ಲೇ ಬಿಟ್ಟ, ಇನ್ನೊಬ್ಬರಿಗೆ ಜಾಗವಾಯಿತು. ಇನ್ನೂ ಹತ್ತೊಂಬತ್ತು ಜಾಗ ಬೇಕಿತ್ತು. ದಳಪತಿ ತನ್ನ ದೋಣಿಯಿಂದ ಇಳಿದು ನಿಂತ. ಯಾರನ್ನೂ ಕರೆಯಲಿಲ್ಲ. ಹದಿನೆಂಟು ಸೈನಿಕರು ಒಬ್ಬರ ಹಿಂದೊಬ್ಬರು ಇಳಿದು ಬಂದು ಅವನ ಪಕ್ಕ ನಿಂತರು.

ದೋಣಿಗಳು ಹೋದವು. ನೀರು ಇಳಿಯಿತು. ಮಧ್ಯಾಹ್ನಕ್ಕೆ ಅಳಿವೆಯವರು ಆ ಬಂಡೆಸಾಲಿನ ಮೇಲೆ ನಡೆದುಕೊಂಡೇ ಬಂದರು. ಸಂಜೆಯ ಉಬ್ಬರದಲ್ಲಿ ದೋಣಿಗಳು ಮರಳಿ ಬಂದು ಅವರನ್ನು ಓಡಿಸುವ ಹೊತ್ತಿಗೆ ಹತ್ತೊಂಬತ್ತರಲ್ಲಿ ಏಳು ಜನ ಉಸಿರಾಡುತ್ತಿದ್ದರು. ದಳಪತಿ ಆ ಏಳರಲ್ಲಿ ಒಬ್ಬ.

ಅರಸ ಅವನಿಗೆ ಮರ್ಯಾದೆ ಮಾಡಬೇಕೆಂದು ಹೇಳಿಕಳಿಸಿದ. ಅವನು ಹೋಗಲಿಲ್ಲ. ಗಾಯ ಮಾಯುವ ಮೊದಲೇ ಸತ್ತ ಹನ್ನೆರಡು ಜನರ ಮನೆಗೂ ಕೋಲೂರಿಕೊಂಡು ನಡೆದುಹೋದ. ತಾನು ಮರೆತದ್ದು ಏನೆಂಬುದನ್ನು ಹನ್ನೆರಡು ತಾಯಂದಿರ ಎದುರೂ ತನ್ನ ಬಾಯಿಯಿಂದಲೇ ಹೇಳಿದ. ಕೊನೆಗೆ ಬೆಸ್ತರ ಕೇರಿಗೆ ಬಂದ. ಮುದುಕಿಯ ಅಂಗಳದಲ್ಲಿ ಆ ತರುಣ ಬಲೆ ನೇಯುತ್ತಿದ್ದ. ಮುದುಕಿ ಚಾಪೆ ಹಾಸಿ, ಕೂರು ಎಂದಳು. ದಳಪತಿಗೆ ಕೂರಲಾಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತನಗೆ ತಿಳಿಯಿತೆಂದೂ, ಮಂತ್ರವಾದಿಯ ಕಣ್ಕಟ್ಟುಗಳನ್ನು ಇನ್ನೊಮ್ಮೆ ಮೊದಲಿನಿಂದ ನೋಡಿಕೊಂಡೇ ಹೊರಡುವೆನೆಂದೂ ಹೇಳಿದ.

ಗುರುಗಳು ಅವನ ಮುಖ ನೋಡಿದರು.

"ಮಂತ್ರವಾದಿ ಓಡಿಹೋದ ಮರುದಿನ, ಜ್ವರದ ಮಗುವನ್ನು ಎತ್ತಿಕೊಂಡು ಬಂದ ತಾಯಿ ಯಾರ ಬಾಗಿಲಲ್ಲಿ ಕೂರುತ್ತಾಳೆ?"

ಶಿಷ್ಯ ನಾಳೆಗೆಂದು ಕಟ್ಟಿದ್ದ ಗಂಟನ್ನು ಬಿಚ್ಚಿದ.