ಈರಕ್ಕನ ದಿಣ್ಣೆ

ಬಾಗನಹಾಳಿನ ಬಸ್ಸು ಹಳ್ಳ ದಾಟಿ ಏರಿದ ಕೂಡಲೇ ಬಲಕ್ಕೆ ಕಾಣುವ ಹಳದಿ ಇಳಿಜಾರೇ ಈರಕ್ಕನ ದಿಣ್ಣೆ. ಅಲ್ಲಿ ತಂಗಡಿ ಗಿಡ ಬಿಟ್ಟರೆ ಬೇರೇನೂ ಇಲ್ಲ. ಎದೆಯೆತ್ತರದ ಪೊದೆಗಳು, ಎಲೆ ಕಾಣದಷ್ಟು ಹೂವು, ಹೂವಿನ ತುಂಬ ದುಂಬಿ, ಚಿಟ್ಟೆ. ಎಲೆ ತಿನ್ನುವ ಹಸಿರು ಹುಳವನ್ನೂ ಇಲ್ಲಿ ಯಾರೂ ಕೊಡವುವುದಿಲ್ಲ. ಬಂದವರು ಈರಕ್ಕನ ಗುಡಿ ಎಲ್ಲಿ ಎಂದು ಕೇಳುತ್ತಾರೆ. ದೇವತೆಯೋ ಮಹಾಸತಿಯೋ ಇರಬೇಕೆಂದು ಅವರ ಎಣಿಕೆ. ಗುಡಿಯಿಲ್ಲ ಎಂದರೆ ಮುಖ ಸಪ್ಪಗೆ ಮಾಡಿಕೊಳ್ಳುತ್ತಾರೆ. ಈರಕ್ಕ ಈ ಲೋಕದಲ್ಲಿ ಇದ್ದದ್ದೇ ಹನ್ನೊಂದು ದಿನ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಈ ದಿಣ್ಣೆಯ ಕೆಳಗೆ ಹದಗಾರರ ಕೇರಿಯಿತ್ತು ಎನ್ನುತ್ತಾರೆ. ತೊಗಲು ಹದಮಾಡುವುದು ಅವರ ಕಸುಬು. ಅದಕ್ಕೆ ತಂಗಡಿಯ ತೊಗಟೆ ಬೇಕೇ ಬೇಕು. ಆ ಕೇರಿಯ ಚೌಡಪ್ಪನ ಹೆಂಡತಿ ಮಾಳವ್ವ ಹೆತ್ತ ಹೆಣ್ಣುಕೂಸು ಹನ್ನೊಂದನೆಯ ದಿನ ತೀರಿಕೊಂಡಿತು. ಹನ್ನೆರಡನೆಯ ದಿನ ತೊಟ್ಟಿಲಿಗೆ ಹಾಕಿ ಹೆಸರಿಡುವುದು ಪದ್ಧತಿ; ಅದಕ್ಕೆ ಮುಂಚೆ ತಾಯಿ ತನ್ನ ಮನಸ್ಸಿನಲ್ಲಿರುವ ಹೆಸರನ್ನು ಗಂಡನ ಮುಂದೆಯೂ ಆಡಬಾರದು. ಕೂಸನ್ನು ದಿಣ್ಣೆಯ ಮೇಲೆ ಹೂಳಿದರು; ಹೆಸರಿಲ್ಲದ ಕೂಸಿನ ಗುಣಿಗೆ ಕಲ್ಲು ನಿಲ್ಲಿಸುವಂತೆಯೂ ಇರಲಿಲ್ಲ. ಎಂಥ ಕಟ್ಟಳೆಯೋ! ಮಾಳವ್ವ ತಂಗಡಿಯ ಬೀಜವನ್ನು ಕಲ್ಲಿಗೆ ಉಜ್ಜಿ, ನೆನೆಸಿ, ಮೊದಲ ಮಳೆಗೆ ಗುಣಿಯ ಮೇಲೆ ಊರಿದಳು. ಗಿಡ ಬಂತು, ಮೂರನೆಯ ವರ್ಷ ಮೈತುಂಬ ಹೂ ಬಿಟ್ಟಿತು, ಹಳದಿ ಚಿಟ್ಟೆಗಳು ಬಂದವು. ಕೂಸು ಕಳೆದುಕೊಂಡ ಬೇರೆ ತಾಯಂದಿರೂ ಅವಳಿಂದ ಬೀಜ ಕೇಳಿ ಪಡೆದು ತಂತಮ್ಮ ಗುಣಿಗಳ ಮೇಲೆ ಬಿತ್ತಿದರು. ಹೀಗೆ ದಿಣ್ಣೆ ತುಂಬಿತು. ತುಂಬಿತು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಆಮೇಲೆ ಪಾಳೆಯಗಾರನಿಗೆ ನೆರೆಯವನೊಡನೆ ಕಲಹ ಹತ್ತಿತು. ದಂಡಿಗೆ ನೂರು ತೊಗಲಿನ ನೀರಚೀಲ ಬೇಕೆಂದು ಕೇರಿಯ ಪರವಾಗಿ ಚೌಡಪ್ಪನಿಗೆ ಅಪ್ಪಣೆಯಾಯಿತು. ತಪ್ಪಿದರೆ ಅವನ ತಲೆ. ಸುತ್ತಲಿನ ತಂಗಡಿಯನ್ನೆಲ್ಲ ಆಗಲೇ ಸುಲಿದಾಗಿತ್ತು, ಉಳಿದದ್ದು ಈ ದಿಣ್ಣೆ ಮಾತ್ರ. ತನ್ನ ಕೂಸಿನ ಗಿಡವೊಂದನ್ನು ಬಿಟ್ಟು ಮಿಕ್ಕವನ್ನು ಸುಲಿಯೋಣ ಎಂದುಕೊಂಡು ಅವನು ಕತ್ತಿ ಹಿಡಿದು ಬಂದ. ತಾಯಂದಿರು ತಂತಮ್ಮ ಗಿಡದ ಬುಡದಲ್ಲಿ ಕೂತಿದ್ದರು. ಮಾಳವ್ವ ಗಂಡನಿಗೆ ಅಡ್ಡ ನಿಂತು, "ಅವರ ಕೂಸು ಕೂಸಲ್ಲೇನು? ಸುಲಿಯೋದಾದ್ರೆ ನಮ್ಮದ್ರಿಂದ್ಲೇ ಸುಲಿ" ಎಂದಳು. ಅವನು ಸುಲಿದ. ತೊಗಟೆಯೆಲ್ಲ ಬಿಚ್ಚಿ ಬಿಳಿಯ ಕಡ್ಡಿ ಉಳಿದಾಗ ಮಾಳವ್ವ ಅದನ್ನು ತಬ್ಬಿ, "ನೋವಾಯ್ತೇನವ್ವಾ, ಈರಕ್ಕಾ?" ಎಂದು ಕೂಗಿದಳಂತೆ. ಮಗಳ ಹೆಸರನ್ನು ಚೌಡಪ್ಪ ಕೇಳಿದ್ದು ಅದೇ ಮೊದಲು. ಕತ್ತಿ ಎಸೆದ. ಆ ಒಂದು ಹಿಡಿ ತೊಗಟೆಯನ್ನು ಹೆಗಲಿಗೆ ಹಾಕಿಕೊಂಡು, "ಇಷ್ಟೇ ಇರೋದು ಅಂತ ಹೇಳ್ಬರ್ತೀನಿ" ಎಂದು ಕೋಟೆಯ ದಾರಿ ಹಿಡಿದ. ಮರಳಿ ಬರಲಿಲ್ಲ. ಅವನ ತಲೆ ಹೋದ ಮೇಲೂ ಕೇರಿಯ ಒಬ್ಬ ಹದಗಾರನೂ ಇಲ್ಲಿ ಕತ್ತಿ ಎತ್ತಲಿಲ್ಲ. ತಿಂಗಳೊಳಗೆ ಇಬ್ಬರು ಪಾಳೆಯಗಾರರೂ ರಾಜಿಯಾಗಿ ಒಟ್ಟಿಗೆ ಕೂತು ಉಂಡರು. ನೀರಚೀಲ ಯಾರಿಗೂ ಬೇಕಾಗಲಿಲ್ಲ. ಇದನ್ನು ಹೇಳುವಾಗ ನನಗೆ ಇಂದಿಗೂ ಮೈ ಉರಿಯುತ್ತದೆ.

ಸುಲಿದ ಗಿಡ ಒಣಗಿತು. ಉಳಿದ ಗಿಡಗಳ ತಾಯಂದಿರು ತಮ್ಮ ಕೂಸುಗಳ ಹೆಸರನ್ನು ಒಳಗೇ ಇಟ್ಟುಕೊಂಡು, ದಿಣ್ಣೆಯನ್ನು ಈರಕ್ಕನ ಹೆಸರಿನಿಂದ ಕರೆದರು. ಪೊದೆಗಳ ನಡುವೆ ಮೊರದಗಲದ ಬರಿನೆಲ ಇಂದಿಗೂ ಕಾಣುತ್ತದೆ. ಅಲ್ಲಿ ಬೀಜ ಹಾಕಿದವರುಂಟು, ಮೊಳೆತದ್ದಿಲ್ಲ. ದಿಣ್ಣೆಯ ಬಳಿ ಬಸ್ಸು ನಿಂತಾಗಲೆಲ್ಲ ಕಂಡಕ್ಟರು, "ಈರಕ್ಕಾ, ಈರಕ್ಕಾ! ಯಾರ್ರೀ ಇಳ್ಯೋರು?" ಎಂದು ಗಂಟಲು ಹರಿಯುವಂತೆ ಕೂಗುತ್ತಾನೆ. ತೊಟ್ಟಿಲಲ್ಲಿ ಒಮ್ಮೆಯೂ ಕರೆಯದ ಹೆಸರು ಅದು.