ಸಾಹುಕಾರರ ಮಾವಿನಹಣ್ಣು

ಮತಯಂತ್ರ ತೋರಿಸಿಕೊಡಲು ಊರಿಗೆ ಬಂದ ಜವಾನನಿಗೆ ದುಂಡಪ್ಪ ಸಾಹುಕಾರರು ಗದರಿದರು: "ಯಾರು ಯಾವ ಗುಂಡಿ ಒತ್ತಿದ್ರೂ ನನಗ ಗೊತ್ತಾಗ್ತದ ಅಂತ ಸಾರು!"

ಯಂತ್ರ ನೋಡಲು ನೆರೆದಿದ್ದ ಊರ ಹೆಂಗಸರು ಅದನ್ನು ಕೇಳಿ ಹಿಂದೆ ಸರಿದರು.

"ಸಾರ್ತೇನ್ರೀ," ಎಂದ ಜವಾನ. "ಆದ್ರ ಮಂದಿ ನಂಬಬೇಕಲ್ಲ? ಮೊದಲ ನಿಮ್ಮ ಮನಿಯವರಿಂದನ ಒತ್ತಿಸ್ರಿ."

ಯಂತ್ರದ ಮೇಲೆ ಎರಡೇ ಗುರುತು, ಮಾವಿನಹಣ್ಣು ಮತ್ತು ಬುಗುರಿ. "ಎಲ್ಲಾರೂ ಮಾವಿನಹಣ್ಣು!" ಎಂದು ಗುಡುಗಿ ಸಾಹುಕಾರರೇ ಮೊದಲು ಒತ್ತಿದರು. ಹೆಂಡತಿ, ಇಬ್ಬರು ಸೊಸೆಯರು, ಅಡುಗೆಯವಳು ಒಬ್ಬೊಬ್ಬರಾಗಿ ರಟ್ಟಿನ ಮರೆಗೆ ಹೋಗಿಬಂದರು.

ಜವಾನ ಎಲ್ಲರೆದುರು ಫಲಿತಾಂಶ ಓದಿದ. ಮಾವಿನಹಣ್ಣಿಗೆ ಎರಡು, ಬುಗುರಿಗೆ ಮೂರು.

"ನಿಮ್ಮ ಮಾತು ಕೇಳಿದವರು ಯಾರು, ಹೇಳ್ರಿ ಸಾಹುಕಾರ್ರ."

ಸಾಹುಕಾರರು ಕಣ್ಣು ಕೆಂಪಗೆ ಮಾಡಿ ಮನೆಯವರತ್ತ ತಿರುಗಿದರು.

"ನಾನರೀ!" ಎಂದರು ನಾಲ್ವರೂ ಒಟ್ಟಿಗೆ.

ಊರ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಲೇ ಯಂತ್ರದ ಮುಂದೆ ಸಾಲುಗಟ್ಟಿದರು.