ಹೊಂಗೆಯ ನೆರಳಿನ ಹಸಿರು ಸಸಿಗಳು

ಹೊಳೆಯ ದಂಡೆಯ ಮೇಲೆ ಒಂದು ಆಶ್ರಮ. ಆಶ್ರಮ ಎಂದರೆ ಎರಡು ತಗಡಿನ ಕೋಣೆ, ಒಂದು ತುಂಡು ಗದ್ದೆ, ಅರ್ಧ ಗದ್ದೆಗೆ ನೆರಳು ಚೆಲ್ಲುವ ಒಂದು ಹೊಂಗೆಮರ. ಗುರುವಿನ ಹೆಸರು ಅಡವಯ್ಯ. ಅವರು ಜ್ಞಾನಿಗಳು ಎಂದು ಸುತ್ತಲಿನವರು ಹೇಳುತ್ತಿದ್ದರು. ಅವರು ಅಲ್ಲಗಳೆದಿರಲಿಲ್ಲ.

ಕಸ್ತೂರಿ ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಎರಡು ವರ್ಷ ಕಾಲೇಜಿನಲ್ಲಿ ಪಾಠ ಹೇಳಿ, ಬೇಸತ್ತು ಅಲ್ಲಿಗೆ ಬಂದಳು. ಶಿಷ್ಯೆಯಾಗಿ ಸೇರಿಸಿಕೊಳ್ಳಿ ಎಂದಳು.

ಗುರು ಅವಳ ಸೆರಗಿಗೆ ಒಂದು ಹಿಡಿ ಭತ್ತ ಹಾಕಿದರು.

"ನೇರಳೆ ಎಲಿ ಭತ್ತ. ಇಷ್ಟ ಉಳದೈತಿ, ಬ್ಯಾರೆ ಕಡೆ ಎಲ್ಲೂ ಇಲ್ಲ. ಇದನ್ನ ಬೆಳದು ತೆನಿ ತೋರ್ಸು, ಇಲ್ಲೇ ಇರು. ಇಲ್ಲಂದ್ರ ಬಸ್ಸು ದಿನಾ ಐತಿ."

"ಎಲಿ ನೇರಳೆ ಇದ್ರ ಏನ್ ಉಪಯೋಗ್ರಿ ಅಜ್ಜಾರ?"

"ಕಾಡುಭತ್ತ ಸಸಿ ಇದ್ದಾಗ ಥೇಟ್ ನಮ್ಮ ಭತ್ತದಂಗ ಕಾಣತೈತಿ. ಇದನ್ನ ಬಿತ್ತಿದ್ರ ಗುರ್ತು ಸಿಗತೈತಿ. ಹಸರು ಇದ್ದದ್ದೆಲ್ಲ ಕಳೆ. ಕಿತ್ತು ಒಗಿ."

ಇಷ್ಟು ಹೇಳಿ ಗುರು ಪಕ್ಕದ ತಾಲೂಕಿಗೆ ಒಂದು ತಿಂಗಳ ಪ್ರವಚನಕ್ಕೆ ಹೋದರು.

ಕಸ್ತೂರಿ ಗದ್ದೆಯ ಎರಡೂ ಕಡೆ ಬಿತ್ತಿದಳು. ಬಿಸಿಲಿನ ಕಡೆ ಬಿತ್ತಿದ್ದನ್ನು ಹಕ್ಕಿಗಳು ಹೆಕ್ಕಿದವು. ಒಂಬತ್ತು ಸಸಿ ಉಳಿದವು. ಎಲ್ಲವೂ ನೇರಳೆ.

ಹೊಂಗೆಯ ನೆರಳಿನ ಕಡೆ ದಟ್ಟವಾಗಿ ಎದ್ದವು. ಎಲ್ಲವೂ ಹಸಿರು.

ಕಸ್ತೂರಿ ನಿಯಮವನ್ನು ಮತ್ತೊಮ್ಮೆ ನೆನೆದಳು. ಒಂದೇ ಬೆಳಿಗ್ಗೆ ನೆರಳಿನ ಕಡೆಯದನ್ನೆಲ್ಲ ಕಿತ್ತು ಬದುವಿಗೆ ಎಸೆದಳು. ಬೆನ್ನು ನೋಯಿತು. ನೋವು ಅವಳಿಗೆ ಸಾಧನೆಯ ಹಾಗೆ ಕಂಡಿತು.

ಕಿತ್ತ ಎಂಟು ದಿನದ ಮೇಲೆ, ಪ್ರವಚನ ಮುಗಿಸಿ ಗುರು ಬಂದರು.

"ಕಳೆ ಎಲ್ಲಾ ಕಿತ್ತೀನ್ರಿ. ಒಂದೂ ಬಿಟ್ಟಿಲ್ಲ," ಎಂದಳು.

ಗುರು ಬದುವಿನ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತರು. ಕಿತ್ತ ಸಸಿಗಳು ಒಣಗಿ ಹುಲ್ಲಾಗಿದ್ದವು. ನಾಲ್ಕು ಮಾತ್ರ ಬದುವಿನ ಕೆಸರಿಗೆ ಬೇರು ತಾಗಿ ಬದುಕಿದ್ದವು. ಅಲ್ಲಿ ಪೂರಾ ಬಿಸಿಲು. ಅವುಗಳ ಹೊಸ ಎಲೆ ನೇರಳೆಯಾಗಿತ್ತು.

"ಇದೇನ್ ತಂಗಿ?"

ಕಸ್ತೂರಿಗೆ ಉತ್ತರ ಗೊತ್ತಿತ್ತು. ತೊಂದರೆಯೇ ಅದು.

"ನಮ್ಮ ಭತ್ತಾರೀ. ಬಣ್ಣ ಮಾಡೋ ಜೀನು ಎಲ್ಲಾ ಸಸಿಯೊಳಗೂ ಇದ್ದುವು. ಅವಕ್ಕ ಶುರು ಮಾಡ್ರಿ ಅಂತ ಹೇಳೋ ಜೀನು ಬ್ಯಾರೆ ಇರತೈತಿ. ಬೆಳಕು ಸಾಲದಿದ್ರ ಅದು ಹೇಳೂದಿಲ್ಲ. ಅಲ್ಲೀಮಟ ಎಲಿ ಹಸರ."

"ಇದು ನಿನಗ ಯಾವಾಗ ಗೊತ್ತಾತು?"

"ಎಂ.ಎಸ್ಸಿ. ಎರಡನೇ ವರ್ಷ."

"ಮಾರ್ಕ್ಸ್ ಎಷ್ಟು ಬಂದಿದ್ದುವು?"

"ಆ ಪೇಪರಿನಾಗ ಯೂನಿವರ್ಸಿಟಿಗೇ ಫಸ್ಟ್ ರೀ. ಆಮ್ಯಾಲೆ ಎರಡು ವರ್ಷ ಅದನ್ನ ಪಾಠಾನೂ ಮಾಡೀನಿ."

"ಚಲೋ ಆತು," ಎಂದರು ಗುರು. ನಗಲಿಲ್ಲ.

ಕಸ್ತೂರಿ ಒಳಗೆ ಹೋಗಿ ಚೀಲ ತಂದಳು.

"ಐದರ ಬಸ್ಸಿಗೆ ಹೋಗ್ತೀನ್ರಿ."

"ಈ ನಾಲ್ಕನ್ನ ಯಾರು ನಡಬೇಕು? ನಾನೇನು?"

ಅವಳು ಚೀಲ ಕೆಳಗಿಟ್ಟಳು. ಇಬ್ಬರೂ ಗದ್ದೆಗೆ ಇಳಿದರು. ಬಿಸಿಲಿನ ಕಡೆ ಒಂಬತ್ತರ ಪಕ್ಕ ನಾಲ್ಕನ್ನೂ ನೆಟ್ಟರು. ಒಂದು ಹಿಡಿ ಬೀಜಕ್ಕೆ ಹದಿಮೂರು ಸಸಿ.

"ನನ್ನನ್ನ ಯಾಕ ಬೈಯೂದಿಲ್ರಿ?"

"ಹಸರು ಇದ್ದದ್ದೆಲ್ಲ ಕಳೆ ಅಂದಾಂವ ನಾನು. ನೆರಳಿನಾಗ ನಾನು ಎಂದೂ ಬಿತ್ತಿರಲಿಲ್ಲ. ಗೊತ್ತಿಲ್ಲದ್ದನ್ನ ಗೊತ್ತಿದ್ದಾಂವನಂಗ ಹೇಳಿದೆ."

"ನಾನು ಗೊತ್ತಿದ್ದೂ ಕಿತ್ತೆ."

"ಹೌದು. ಇಬ್ಬರೂ ಸೇರಿ ಕಿತ್ತೀವಿ."

ಗುರು ಕೈಯ ಕೆಸರು ತೊಳೆಯಲಿಲ್ಲ. ಬದುವಿನ ಮೇಲೆ ಒಣಗಿದ್ದ ಸಸಿಗಳನ್ನು ನೋಡುತ್ತ ನಿಂತರು.

"ಹೋದ ವರ್ಷ ಒಬ್ಬಾಕಿ ಬಂದಿದ್ಲು. ನಿನ್ನಂಗ, ಶಿಷ್ಯಳಾಗ್ತೀನಿ ಅಂತ. ಮಾತಿಲ್ಲ, ಪ್ರಶ್ನೆ ಇಲ್ಲ. ಹಿತ್ತಲದಾಗ ಪಾತ್ರೆ ತಿಕ್ಕೂದು, ಒಲಿ ಮುಂದ ಕೂಡೂದು. ಈಕಿಯೊಳಗ ಏನೂ ಇಲ್ಲ ಅಂತ ತಿಳದೆ. ಹೋಗು ಅಂದೆ."

"ಯಾಕ ಅಂತ ಆಕಿ ಕೇಳಲಿಲ್ಲೇನ್ರಿ?"

"ಇಲ್ಲ. ಕಾಲು ಮುಟ್ಟಿ ಹೋದ್ಲು."

"ನೀವು ಆಕಿನ್ನ ಕೂಡ್ರಿಸಿಕೊಂಡು ಏನಾರ ಹೇಳಿದ್ರೇನು? ಒಂದು ದಿನಾನಾದ್ರೂ?"

"ಇಲ್ಲ."

ಕಸ್ತೂರಿ ಕೈಯ ಕೆಸರು ತೊಳೆದುಕೊಂಡಳು. ಆಮೇಲೆ ಚೀಲ ಎತ್ತಿಕೊಂಡಳು.

"ಐದರ ಬಸ್ಸಿಗೆ ನಾನು ಹೋಗ್ತೀನ್ರಿ. ಹುಡುಕಿ ಕರ್ಕೊಂಡು ಬರ್ತೀನಿ. ಆಕಿ ಹೆಸರೇನ್ರಿ? ಯಾವ ಊರು?"

ಗುರು ಬಹಳ ಹೊತ್ತು ಯೋಚಿಸಿದರು.

"ಒಂದು ತಿಂಗಳು ಇದ್ಲು ತಂಗಿ," ಎಂದರು. "'ಏ' ಅಂತ ಕರೀತಿದ್ದೆ."